ಮೊದಲು ಕಾಗದ, ಆಮೇಲೆ ಗಾಡಿ: ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಸಣ್ಣ ಎಸ್‌ಯುವಿ ಕೊಳ್ಳುವವರಿಗೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಗಾಡಿ ಒಳ್ಳೇದು?’ ಅಂತ. ಬ್ರೆಝಾ ತಗೊಳ್ಳಲಾ, ನೆಕ್ಸಾನ್ ತಗೊಳ್ಳಲಾ, ವೆನ್ಯೂ ಹೇಗೆ? ಕೇಳಬೇಕಾದ ಪ್ರಶ್ನೆಯೇ, ಅದನ್ನೂ ಹೇಳುತ್ತೇನೆ. ಆದರೆ ನಮ್ಮ ಕಡೆ ಹಳೇ ಗಾಡಿ ತಗೊಂಡು ಕೈ ಸುಟ್ಟುಕೊಂಡವರ ಕಥೆ ಕೇಳಿದರೆ ಬಹಳಷ್ಟು ಸಲ ಕೆಟ್ಟದ್ದು ಇಂಜಿನ್ ಅಲ್ಲ. ಆರ್‌ಸಿ ಹೆಸರಿಗೆ ಆಗಲಿಲ್ಲ, ಮೊದಲಿನ ಓನರ್ ಫೋನ್ ಎತ್ತುತ್ತಿಲ್ಲ, ಬ್ಯಾಂಕಿನ ಸಾಲ ತೀರಿಯೇ ಇರಲಿಲ್ಲ. ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ. ಕಾಗದ ಕೆಟ್ಟರೆ ಯಾವ ಗ್ಯಾರೇಜಿಗೆ ಹೋಗುತ್ತೀರಿ?

ಅದಕ್ಕೇ ನಾನು ಹೇಳುವ ಕ್ರಮ ಇಷ್ಟೇ. ಮೊದಲು ಕಾಗದ. ಆಮೇಲೆ ತಣ್ಣಗಿರುವ ಇಂಜಿನ್. ಆಮೇಲೆ ಗಾಡಿಯ ಹೊಟ್ಟೆ. ಆಮೇಲೆ ಟ್ರಯಲ್. ಬಣ್ಣ, ಸೀಟ್ ಕವರ್, ದೊಡ್ಡ ಸ್ಕ್ರೀನ್, ಸನ್‌ರೂಫ್ ಇವೆಲ್ಲ ಕೊನೆಗೆ ನೋಡಿ.

ಯಾವ ಗಾಡಿ, ಯಾವ ವರ್ಷ

ಈ ಗಾಡಿಗಳೆಲ್ಲ ನಾಲ್ಕು ಮೀಟರ್ ಉದ್ದದ ಒಳಗೇ ಯಾಕಿವೆ ಅಂದರೆ ತೆರಿಗೆ. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಸೆಲ್ ಇಂಜಿನ್ 1500 ಸಿಸಿ ದಾಟಬಾರದು. ಆಗ ಅದು ಸಣ್ಣ ಕಾರು, ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಇದು ಹಳೇ ಗಾಡಿ ಕೊಳ್ಳುವವರಿಗೆ ಯಾಕೆ ಮುಖ್ಯ ಅಂದರೆ, ಹೊಸದರ ರೇಟು ಇಳಿದ ಮೇಲೂ ಎಷ್ಟೋ ಜನ ಹಳೇ ರೇಟನ್ನೇ ತಲೆಯಲ್ಲಿಟ್ಟುಕೊಂಡು ಕೇಳುತ್ತಾರೆ. ಯಾವ ಗಾಡಿ ನೋಡಲು ಹೋದರೂ ಮೊದಲು ಪಿ.ಬಿ. ರಸ್ತೆಯ ಶೋರೂಮಿಗೆ ಹೋಗಿ, ಅದೇ ಮಾಡೆಲ್‌ನ ಹೊಸ ಗಾಡಿಯ ಇವತ್ತಿನ ಆನ್ ರೋಡ್ ರೇಟು ಬರೆಸಿಕೊಂಡು ಬನ್ನಿ. ಎರಡು-ಮೂರು ವರ್ಷದ ಗಾಡಿಗೂ ಹೊಸದಕ್ಕೂ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಹಳೇದು ಯಾಕೆ ಬೇಕು ಅಲ್ವಾ?

ಈಗ ಗಾಡಿಗಳ ವಿಷಯ. ಮಾರುತಿ ವಿಟಾರಾ ಬ್ರೆಝಾ ಬಂದದ್ದು 2016ರ ಮಾರ್ಚ್‌ನಲ್ಲಿ. 2020ರ ಆರಂಭದವರೆಗೂ ಅದರಲ್ಲಿ 1.3 ಲೀಟರ್ ಡೀಸೆಲ್ ಬಿಟ್ಟರೆ ಬೇರೆ ಇಂಜಿನ್ ಇರಲೇ ಇಲ್ಲ. ಪೆಟ್ರೋಲ್ 1.5 ಬಂದದ್ದು 2020ರ ಫೆಬ್ರವರಿಯಲ್ಲಿ (1200 ಸಿಸಿ ದಾಟಿದ್ದರಿಂದ ಇದಕ್ಕೆ ಮೇಲೆ ಹೇಳಿದ ಕಡಿಮೆ ತೆರಿಗೆ ಇಲ್ಲ), ಆಮೇಲೆ ಡೀಸೆಲ್ ನಿಂತೇ ಹೋಯಿತು. ಹಾಗಾಗಿ ಯಾರಾದರೂ ‘2018ರ ಪೆಟ್ರೋಲ್ ಬ್ರೆಝಾ’ ಅಂತ ಹಾಕಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಆರ್‌ಸಿ ನೋಡದೆ ಮುಂದೆ ಮಾತಾಡಬೇಡಿ. ಆ ಹಳೇ 1.3 ಡೀಸೆಲ್ ಇಂಜಿನ್ ನಮ್ಮ ಕಡೆ ಯಾವ ಮೆಕ್ಯಾನಿಕ್‌ಗೂ ಹೊಸದಲ್ಲ, ಸ್ವಿಫ್ಟ್ ಡಿಸೈರ್ ಡೀಸೆಲ್‌ನಲ್ಲೂ ಅದೇ ಕುಟುಂಬದ ಇಂಜಿನ್. ಪಾರ್ಟ್ಸ್ ಸುಲಭವಾಗಿ ಸಿಗುತ್ತವೆ. ಕಡಿಮೆ ಸ್ಪೀಡಿನಲ್ಲಿ ಸ್ವಲ್ಪ ಎಳೆಯಲು ಹಿಂದೇಟು ಹಾಕುತ್ತದೆ, ಟರ್ಬೊ ಹಿಡಿದ ಮೇಲೆ ಚೆನ್ನಾಗಿ ಹೋಗುತ್ತದೆ, ಅದು ದೋಷ ಅಲ್ಲ. ಟೊಯೊಟಾ ಅರ್ಬನ್ ಕ್ರೂಸರ್ ಅಂತ 2020ರಲ್ಲಿ ಬಂದದ್ದು ಪೆಟ್ರೋಲ್ ಬ್ರೆಝಾನೇ, ಲೋಗೋ ಬೇರೆ. ಎರಡೂ ಸಿಕ್ಕರೆ ರೇಟು, ಕಂಡಿಷನ್ ನೋಡಿ ಯಾವುದಾದರೂ ತಗೊಳ್ಳಿ.

ಟಾಟಾ ನೆಕ್ಸಾನ್ 2017ರ ಸೆಪ್ಟೆಂಬರ್‌ನಲ್ಲಿ ಬಂತು. 2018ರ ಡಿಸೆಂಬರ್‌ನಲ್ಲಿ ಗಾಡಿ ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ತಗೊಂಡಿತು. ಮಹೀಂದ್ರಾ ಎಕ್ಸ್‌ಯುವಿ 300 ಬಂದದ್ದು 2019ರ ಫೆಬ್ರವರಿಯಲ್ಲಿ, ಅದಕ್ಕೂ 2020ರಲ್ಲಿ ಐದು ಸ್ಟಾರ್. ಹಳೇ ಬ್ರೆಝಾಗೆ ನಾಲ್ಕು. ಹೈವೇ ಮೇಲೆ ಮಕ್ಕಳು-ಮರಿ ಕರ್ಕೊಂಡು ಓಡಾಡುವವರು ಇದನ್ನು ಲೆಕ್ಕಕ್ಕೆ ತಗೋಬೇಕು. ಆದರೆ ಒಂದು ಮಾತು: ಆ ಸ್ಟಾರ್ ಕೊಟ್ಟದ್ದು ಹೊಸ ಗಾಡಿಗೆ. ದೊಡ್ಡ ಆಕ್ಸಿಡೆಂಟ್ ಆಗಿ, ಚಾಸಿ ಎಳೆದು ಸರಿ ಮಾಡಿ, ಏರ್‌ಬ್ಯಾಗ್ ಹಾಕಿಸದೆ ಡ್ಯಾಶ್‌ಬೋರ್ಡ್ ಮುಚ್ಚಿದ ಗಾಡಿಗೆ ಯಾವ ಸ್ಟಾರೂ ಇಲ್ಲ.

ಹ್ಯುಂಡೈ ವೆನ್ಯೂ 2019ರ ಮೇನಲ್ಲಿ, ಕಿಯಾ ಸಾನೆಟ್ 2020ರ ಸೆಪ್ಟೆಂಬರ್‌ನಲ್ಲಿ ಬಂದವು. ಎರಡಕ್ಕೂ ಇಂಜಿನ್ ಹತ್ತಿರ ಹತ್ತಿರ ಒಂದೇ. 1.2 ಪೆಟ್ರೋಲ್ ಮ್ಯಾನ್ಯುವಲ್ ಊರೊಳಗೆ ಓಡಿಸುವವರಿಗೆ ತಲೆನೋವಿಲ್ಲದ ಗಾಡಿ. 1.0 ಟರ್ಬೊ ಜೊತೆ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇರುವುದು ಓಡಿಸಲು ಖುಷಿ, ಆದರೆ ವಾರಂಟಿ ಮುಗಿದಿದ್ದರೆ ನಾನಂತೂ ಹುಷಾರಾಗಿ ನೋಡುತ್ತೇನೆ. ಅದರೊಳಗಿನ ಕ್ಲಚ್ ಒಣ ಕ್ಲಚ್. ಟ್ರಾಫಿಕ್ಕಿನಲ್ಲಿ ಇಂಚಿಂಚೇ ತೆವಳಿಸಿದರೆ ಬಿಸಿಯಾಗುತ್ತದೆ, ಸವೆಯುತ್ತದೆ.

ಫೋರ್ಡ್ ಇಕೋಸ್ಪೋರ್ಟ್ ಬಗ್ಗೆ ಬಹಳ ಜನ ಕೇಳುತ್ತಾರೆ, ಯಾಕಂದರೆ ರೇಟು ಕಡಿಮೆ, ಗಾಡಿ ಗಟ್ಟಿ, ಸ್ಟೇರಿಂಗ್ ಹಿಡಿತ ಬಹಳ ಚೆಂದ. 2013ರಲ್ಲಿ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ನಿಮಗೆ ನಂಬಿಕೆಯ ಮೆಕ್ಯಾನಿಕ್ ಇದ್ದು, ಬೇಕಾದ ಪಾರ್ಟಿಗೆ ನಾಲ್ಕು ದಿನ ಕಾಯುವ ತಾಳ್ಮೆ ಇದ್ದರೆ 1.5 ಡೀಸೆಲ್ ಮ್ಯಾನ್ಯುವಲ್ ತಗೊಳ್ಳಬಹುದು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದಾರೆ ಅಂತ ಬಿಲ್ ಸಮೇತ ಕೇಳಿ. 2013ರಿಂದ 2017ರ ನಡುವಿನ ಪೆಟ್ರೋಲ್ ಆಟೋಮ್ಯಾಟಿಕ್, ಪವರ್‌ಶಿಫ್ಟ್ ಡ್ಯುಯಲ್ ಕ್ಲಚ್ ಇರುವುದು, ಬೇಡ. ಆ ಗೇರ್ ಬಾಕ್ಸಿನ ತೊಂದರೆ ಹೊರದೇಶಗಳಲ್ಲೂ ದೊಡ್ಡ ಸುದ್ದಿಯಾಗಿತ್ತು.

ಪೆಟ್ರೋಲಾ ಡೀಸೆಲ್ಲಾ? ನಿಮ್ಮ ಓಡಾಟ ವಿದ್ಯಾನಗರದಿಂದ ಮಗುವಿನ ಸ್ಕೂಲು, ಅಲ್ಲಿಂದ ಅಂಗಡಿ, ಸಂಜೆ ವಾಪಸ್ಸು, ಇಷ್ಟೇ ಆದರೆ ಪೆಟ್ರೋಲ್ ತಗೊಳ್ಳಿ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಆಮೇಲಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಡಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬರೀ ಊರೊಳಗೆ ಎರಡೆರಡು ಕಿಲೋಮೀಟರ್ ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ಲೈಟ್ ಹತ್ತುತ್ತದೆ, ಬದಲಿಸಬೇಕಾದರೆ ಬಿಲ್ ದೊಡ್ಡದಾಗಿ ಬರುತ್ತದೆ. ದಿನಾ ಚಿತ್ರದುರ್ಗಕ್ಕೋ ರಾಣೆಬೆನ್ನೂರಿಗೋ ಡ್ಯೂಟಿಗೆ ಹೋಗುವವರಿಗೆ ಡೀಸೆಲ್ ಸರಿ. ಪೆಟ್ರೋಲ್ ಗಾಡಿಗೆ ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಇನ್ಶೂರೆನ್ಸ್ ಕ್ಲೇಮಿಗೆ ಅದೇ ಅಡ್ಡ ಬರುತ್ತದೆ.

ಎಲ್ಲಿ ಹುಡುಕಬೇಕು

ಓನರ್ ಕಡೆಯಿಂದ ನೇರವಾಗಿ ಸಿಕ್ಕರೆ ಅದಕ್ಕಿಂತ ಒಳ್ಳೇದು ಇಲ್ಲ. ನೆಂಟರು, ಆಫೀಸಿನವರು, ನಿಮ್ಮ ಗ್ಯಾರೇಜಿನವನು, ಎಲ್ಲರಿಗೂ ಹೇಳಿಡಿ. ಒಳ್ಳೇ ಗಾಡಿಗಳು ಯಾರ್ಡಿಗೆ ಬರುವ ಮೊದಲೇ ಹೀಗೆ ಬಾಯಿಂದ ಬಾಯಿಗೆ ಹೋಗಿಬಿಡುತ್ತವೆ. ಆಟೋ ಕನ್ಸಲ್ಟೆಂಟ್‌ಗಳ ಹತ್ತಿರ ಒಂದೇ ಜಾಗದಲ್ಲಿ ಹತ್ತು ಗಾಡಿ ನೋಡಬಹುದು, ಫೈನಾನ್ಸ್ ಅವರೇ ಮಾಡಿಸುತ್ತಾರೆ, ಆದರೆ ಅವರ ಮಾರ್ಜಿನ್ ನೀವೇ ಕೊಡುತ್ತೀರಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರ ಮಾಡುವವರು ಆರ್‌ಟಿಓದಿಂದ ಅಧಿಕೃತ ಸರ್ಟಿಫಿಕೇಟ್ ತಗೋಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಓನರ್ ಅವರಿಗೆ ಗಾಡಿ ಒಪ್ಪಿಸಿದಾಗ ಫಾರಂ 29ಸಿ ಹಾಕಬೇಕು. ಯಾರ್ಡಿನಲ್ಲಿ ಈ ಎರಡನ್ನೂ ಕೇಳಿ. ಕೇಳಿದ ತಕ್ಷಣ ಮುಖ ಹೇಗಾಗುತ್ತದೆ ನೋಡಿ, ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಗಾಡಿ ಜಾಸ್ತಿ ಸಿಗುತ್ತವೆ, ರೇಟೂ ಕೆಲವೊಮ್ಮೆ ಕಡಿಮೆ. ಅದೇ ರಾಜ್ಯದ ಗಾಡಿಯಾದ್ದರಿಂದ ನಂಬರ್ ಬದಲಾಗಲ್ಲ, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಆದರೆ ಅಲ್ಲಿನ ಗಾಡಿ ಮೀಟರಿನಲ್ಲಿ ಕಡಿಮೆ ತೋರಿಸುತ್ತಿದೆ ಅಂತ ಸಂತೋಷ ಪಡಬೇಡಿ. 30 ಸಾವಿರ ಕಿಲೋಮೀಟರ್ ಅಂದರೂ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡಿದ್ದು, ಇಂಜಿನ್ ಓಡಿದ ಗಂಟೆ ಬಹಳ ಇರುತ್ತದೆ, ಕ್ಲಚ್ ಸವೆದಿರುತ್ತದೆ. ಅದೇ ನಮ್ಮ ಹೈವೇಯಲ್ಲಿ 60 ಸಾವಿರ ಓಡಿದ ಕೆಎ-17 ಗಾಡಿಯ ಇಂಜಿನ್ ಎಷ್ಟೋ ಸಲ ಅದಕ್ಕಿಂತ ಚೆನ್ನಾಗಿರುತ್ತದೆ. ಇನ್ನೊಂದು, 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೇಸ್‌ಮೆಂಟ್‌ಗಳಲ್ಲಿ ಎಷ್ಟೊಂದು ಕಾರು ಮುಳುಗಿದ್ದವು ನೆನಪಿದೆಯಲ್ಲ. ಅವೆಲ್ಲ ಗುಜರಿಗೇ ಹೋಗಿವೆ ಅಂದುಕೊಳ್ಳಬೇಡಿ.

ದೆಹಲಿ ಗಾಡಿ ಅಗ್ಗಕ್ಕೆ ಬರುತ್ತದೆ ಅಂತ ಹೇಳುವವರು ಸಿಗುತ್ತಾರೆ. ಅಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಮಿತಿ ಹಾಕಿದ್ದೇ ಇದಕ್ಕೆ ಕಾರಣ. ಇಲ್ಲಿಗೆ ತಂದ ಮೇಲೆ ಅಲ್ಲಿನ ಆರ್‌ಟಿಓದ ಎನ್‌ಓಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ ಬೇಕು, ವಯಸ್ಸಿನ ಲೆಕ್ಕದಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ಕೆಎ ನಂಬರ್ ತಗೋಬೇಕು. ನಮ್ಮ ರಾಜ್ಯದ ಟ್ಯಾಕ್ಸ್ ಕಡಿಮೆ ಏನಲ್ಲ. ಎಲ್ಲಾ ಸೇರಿಸಿ ಕೂಡಿಸಿದರೆ ಅಗ್ಗ ಅನ್ನುವುದು ಕರಗಿಹೋಗುತ್ತದೆ. ಬೇಕೇ ಬೇಕು ಅಂದರೆ ಕೆಎ ನಂಬರ್ ಬಿದ್ದ ಮೇಲೇ ಕೊಳ್ಳಿ, ‘ಆಮೇಲೆ ಮಾಡಿಸಿಕೊಡ್ತೀನಿ’ ಅನ್ನುವ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮನೆಯಲ್ಲೇ ಕೂತು ಮಾಡುವ ಕೆಲಸ

ಗಾಡಿ ನೋಡಲು ಹೋಗುವ ಮೊದಲು ಆರ್‌ಸಿ ಮತ್ತು ಇನ್ಶೂರೆನ್ಸ್ ಪಾಲಿಸಿಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳಿ. ಕಳಿಸಲು ಒಪ್ಪದವರ ಗಾಡಿ ನೋಡುವುದೇ ಬೇಡ. ಬಂದ ಮೇಲೆ ಸರ್ಕಾರದ ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿ ತಾಳೆ ನೋಡಿ. ತಯಾರಾದ ತಿಂಗಳು-ವರ್ಷ, ರಿಜಿಸ್ಟರ್ ಆದ ದಿನ, ಎಷ್ಟನೇ ಓನರ್, ಇಂಧನ, ಬಣ್ಣ, ಸಾಲದ ನಮೂದು. 2019ರಲ್ಲಿ ತಯಾರಾಗಿ 2020ರಲ್ಲಿ ರಿಜಿಸ್ಟರ್ ಆದ ಗಾಡಿಯನ್ನು 2020ರ ಮಾಡೆಲ್ ಅಂತಲೇ ಮಾರುತ್ತಾರೆ. ರೇಟು ಕಟ್ಟುವಾಗ ತಯಾರಾದ ವರ್ಷ ಹಿಡಿಯಿರಿ. ಪರಿವಾಹನ್ ಸೈಟಿನಲ್ಲಿ ದಂಡ ಬಾಕಿ ಇದೆಯಾ ನೋಡಿ. ದಂಡ ಗಾಡಿ ನಂಬರಿನ ಮೇಲೆ ಇರುತ್ತದೆ, ನಿಮ್ಮ ಹೆಸರಿಗೆ ಗಾಡಿ ಬಂದರೆ ಅದನ್ನು ತೀರಿಸುವ ತಲೆನೋವೂ ನಿಮ್ಮದೇ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು, ಅಂದರೆ ಹೈಪೋಥಿಕೇಶನ್ ಇದ್ದರೆ, ‘ಸಾಲ ತೀರಿಸಿದ್ದೇವೆ, ಎಚ್‌ಪಿ ತೆಗೆಸೋದು ಮಾತ್ರ ಬಾಕಿ’ ಅಂತಾರೆ. ನಿಜವೇ ಇರಬಹುದು. ಬ್ಯಾಂಕಿನ ಎನ್‌ಓಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಬ್ಯಾಂಕ್ ಸಹಿ-ಸೀಲು ಇರುವ ಫಾರಂ 35 ಕೈಗೆ ಬಂದಿದೆಯಾ ಅಂತ ನೋಡಿ. ಸಾಲ ಇನ್ನೂ ನಡೆಯುತ್ತಿದ್ದರೆ ಓನರ್ ಕೈಗೆ ದುಡ್ಡು ಕೊಡಬೇಡಿ. ಅವರ ಜೊತೆ ಬ್ಯಾಂಕಿಗೇ ಹೋಗಿ, ಬಾಕಿ ಮೊತ್ತವನ್ನು ನೇರ ಸಾಲದ ಖಾತೆಗೆ ಕಟ್ಟಿ, ರಸೀದಿ ತಗೊಳ್ಳಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಜನ ನೋಡದ ಒಂದು ಸಾಲು ಇದೆ, ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಅಂತ. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ 20 ಪರ್ಸೆಂಟ್, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ಪರ್ಸೆಂಟ್ ರಿಯಾಯಿತಿ ಅಲ್ಲಿ ಬರೆದಿರುತ್ತದೆ. ಐದು ವರ್ಷದ ಗಾಡಿ, ಒಬ್ಬನೇ ಓನರ್, ‘ಒಂದು ಗೀರೂ ಬಿದ್ದಿಲ್ಲ’ ಅನ್ನುತ್ತಾರೆ, ಪಾಲಿಸಿಯಲ್ಲಿ ನೋಡಿದರೆ ಎನ್‌ಸಿಬಿ ಸೊನ್ನೆ. ಹಾಗಾದರೆ ಹಿಂದಿನ ವರ್ಷ ಕ್ಲೇಮ್ ಮಾಡಿರಬೇಕು, ಇಲ್ಲ ಪಾಲಿಸಿ ಬಹಳ ದಿನ ಕಟ್ಟದೆ ಬಿಟ್ಟಿರಬೇಕು. ಯಾವುದು ಅಂತ ಕೇಳಿ. ಕ್ಲೇಮ್ ಮಾಡಿದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು.

ಸರ್ವಿಸ್ ಹಿಸ್ಟರಿ ಕೂಡ ಈಗಲೇ ತೆಗೆಸಿ. ಕಂಪನಿ ಸರ್ವಿಸ್ ಸೆಂಟರಿಗೆ ಓನರ್ ಜೊತೆ ಹೋದರೆ ಅಥವಾ ಓನರ್ ಫೋನ್ ಮಾಡಿದರೆ ಯಾವ ತಾರೀಕಿಗೆ ಎಷ್ಟು ಕಿಲೋಮೀಟರ್ ಆಗಿತ್ತು, ಏನು ಕೆಲಸ ಆಗಿದೆ ಅಂತ ಸಿಗುತ್ತದೆ. ಮೀಟರ್ ತಿರುಗಿಸಿರುವುದು ಸಿಕ್ಕಿಬೀಳುವುದು ಇಲ್ಲೇ. ಕಂಪನಿ ವಾಪಸ್ ಕರೆದು ಸರಿ ಮಾಡಿಕೊಡುವ ಕೆಲಸ ಏನಾದರೂ ಬಾಕಿ ಇದೆಯಾ ಅಂತಲೂ ಕೇಳಿ. ಉದಾಹರಣೆಗೆ 2018ರ ಮೇ 4ರಿಂದ 2020ರ ಅಕ್ಟೋಬರ್ 27ರ ನಡುವೆ ತಯಾರಾದ ಮಾರುತಿಯ ಕೆಲವು ಪೆಟ್ರೋಲ್ ಗಾಡಿಗಳನ್ನು, ಬ್ರೆಝಾ ಸೇರಿ, ಮೋಟರ್ ಜನರೇಟರ್ ಯೂನಿಟ್ ಪರೀಕ್ಷೆಗೆ 2021ರ ಸೆಪ್ಟೆಂಬರ್‌ನಲ್ಲಿ ವಾಪಸ್ ಕರೆದಿದ್ದರು. ಇದಕ್ಕೆ ದುಡ್ಡು ಇಲ್ಲ, ಚಾಸಿ ನಂಬರ್ ಹೇಳಿದರೆ ಸಾಕು.

ಬೆಳಿಗ್ಗೆ ಹೋಗಿ

ಗಾಡಿ ನೋಡಲು ಬೆಳಿಗ್ಗೆ ಹೋಗಿ. ‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಇಂಜಿನ್ನಿನ ನಿಜ ಬಣ್ಣ ಗೊತ್ತಾಗುವುದು ತಣ್ಣಗಿದ್ದಾಗ ಮಾತ್ರ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಬೇಕು, ಐಡಲ್ ಏರಿಳಿತ ಇರಬಾರದು. ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಭಾಗ ನೋಡಿ, ಮಜ್ಜಿಗೆ ಬಣ್ಣದ ಅಂಟು ಇದ್ದರೆ ನೀರು ಬೆರೆತಿದೆ. ಅಲ್ಲಿಂದಲೇ ವಾಪಸ್ ಬನ್ನಿ.

ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮೊದಲು, ಏರ್‌ಬ್ಯಾಗ್, ಎಬಿಎಸ್, ಚೆಕ್ ಇಂಜಿನ್ ಲೈಟ್‌ಗಳು ಹತ್ತಬೇಕು, ಆಮೇಲೆ ಆರಬೇಕು. ಆರದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಅದು ಇನ್ನೂ ದೊಡ್ಡ ವಿಷಯ, ಲೈಟನ್ನೇ ಕಿತ್ತಿರುವ ಸಾಧ್ಯತೆ ಇದೆ. ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದ್ದರೆ ಹಾಕಿಸಿ ನೋಡಿ.

ಆಕ್ಸಿಡೆಂಟ್ ಆಗಿದೆಯಾ ಅಂತ ಹುಡುಕುವುದು ಬಣ್ಣದಲ್ಲಿ ಅಲ್ಲ, ಬೋಲ್ಟ್‌ಗಳಲ್ಲಿ. ಹೋದ ಬೇಸಿಗೆಯಲ್ಲಿ ಗೆಳೆಯನಿಗಾಗಿ ಒಂದು ಬಿಳಿ ಗಾಡಿ ನೋಡಲು ಹೋಗಿದ್ದೆ. ಹೊರಗಿನಿಂದ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬಾನೆಟ್ ಎತ್ತಿ ಎಡಗಡೆ ಮಡ್‌ಗಾರ್ಡಿನ ಬೋಲ್ಟ್ ನೋಡಿದರೆ ಮೂಲೆಗಳಲ್ಲಿ ಬಣ್ಣ ಕಿತ್ತು ಕಬ್ಬಿಣ ಕಾಣುತ್ತಿತ್ತು. ಬಲಗಡೆಯವು ಮುಟ್ಟದ ಹಾಗೇ ಇದ್ದವು. ಎಡಗಡೆ ಹೆಡ್‌ಲೈಟ್ ಹೊಚ್ಚ ಹೊಸದು, ಬಲಗಡೆಯದು ಹಳದಿ ತಿರುಗಿತ್ತು. ರೇಡಿಯೇಟರ್ ಮೇಲಿನ ಅಡ್ಡ ಪಟ್ಟಿಯಲ್ಲಿ ಸ್ಟಿಕ್ಕರೇ ಇರಲಿಲ್ಲ. ಎಡಗಡೆ ಮುಂದಿನ ಬಾಗಿಲ ಗಾಜಿನ ಮೂಲೆಯ ಗುರುತು ಬೇರೆ ಮೂರು ಗಾಜುಗಳಿಗೆ ಹೊಂದುತ್ತಿರಲಿಲ್ಲ. ಒಂದೊಂದೇ ತೋರಿಸಿದ ಮೇಲೆ ಮಾರುವವರು ‘ಸಣ್ಣದಾಗಿ ತಾಗಿತ್ತು’ ಅಂದರು. ಮುಂದಿನ ಪಟ್ಟಿ, ಲೈಟು, ಮಡ್‌ಗಾರ್ಡು, ಬಾಗಿಲ ಗಾಜು ಎಲ್ಲಾ ಬದಲಾಗಿದ್ದರೆ ಅದು ಸಣ್ಣದಲ್ಲ. ನೀವೂ ಹೀಗೇ ಎಡ-ಬಲ ಹೋಲಿಸುತ್ತಾ ಹೋಗಿ. ಎರಡೂ ಕಡೆ ಒಂದೇ ಥರ ಇರಬೇಕು. ಬಂಪರ್ ಬಣ್ಣ, ಬಾಗಿಲಿಗೆ ಬಿದ್ದ ಗೀರಿನ ಟಚ್ ಅಪ್ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಅಶೋಕ ರಸ್ತೆಯಲ್ಲಿ ಓಡಾಡಿದ ಗಾಡಿಗೆ ಅವು ಇದ್ದದ್ದೇ.

ಮುಳುಗಿದ ಗಾಡಿ ಹಿಡಿಯಲು ಸೀಟ್ ಬೆಲ್ಟ್ ಪೂರ್ತಿ ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗಕ್ಕೆ ತೊಳೆಯುವವರ ಕೈ ಹೋಗಿರುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿ, ಬೋಲ್ಟ್‌ಗಳಲ್ಲಿ ತುಕ್ಕು ಇದೆಯಾ, ಸ್ಟೆಪ್ನಿ ಎತ್ತಿದರೆ ಆ ಗುಂಡಿಯಲ್ಲಿ ಮಣ್ಣು ಕೂತಿದೆಯಾ ನೋಡಿ. ಕಿಟಕಿ ಮುಚ್ಚಿ ಐದು ನಿಮಿಷ ಬಿಟ್ಟು ಒಳಗೆ ಕೂತು ವಾಸನೆ ನೋಡಿ. ಜೋರಾಗಿ ಪರ್ಫ್ಯೂಮ್ ಹಾಕಿದ್ದರೆ ಅದನ್ನು ತೆಗೆಸಿ ಇನ್ನೊಂದು ಸಲ ನೋಡಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಮೀಟರ್ 25 ಸಾವಿರ ತೋರಿಸುತ್ತಿದೆ, ನಾಲ್ಕೂ ಟೈರ್ ಬದಲಾಗಿವೆ ಅಂದರೆ ಮೀಟರ್ ನಂಬಬೇಡಿ. ಚಾಸಿ ನಂಬರ್ 17 ಅಕ್ಷರ-ಅಂಕಿ ಇರುತ್ತದೆ, ಗಾಡಿಯ ಮೇಲೆ ಕೆತ್ತಿರುವುದನ್ನು ಆರ್‌ಸಿ ಜೊತೆ ಒಂದೊಂದೇ ಓದಿ ತಾಳೆ ನೋಡಿ. ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ಪ್ಲೇಟ್ ಇರಬೇಕು.

ಗಾಡಿಯ ಹೊಟ್ಟೆ

ಇಲ್ಲಿ ಕಂಜೂಸು ಮಾಡಬೇಡಿ. ನಿಮ್ಮ ಮೆಕ್ಯಾನಿಕ್‌ಗೆ ಅವನ ಕೂಲಿ ಕೊಟ್ಟು, ಗಾಡಿಯನ್ನು ರ‍್ಯಾಂಪ್ ಮೇಲೆ ಎತ್ತಿಸಿ. ಮಾರುವವರು ಹೇಳಿದ ಮೆಕ್ಯಾನಿಕ್ ಬೇಡ.

ನಮ್ಮ ಜಿಲ್ಲೆಯ ಗಾಡಿಗೆ ನಮ್ಮ ಜಿಲ್ಲೆಯದ್ದೇ ಗುರುತುಗಳು ಇರುತ್ತವೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುಲ್ಲು, ಸೊಪ್ಪೆ ಮೇಲೆ ಓಡಿದ ಗಾಡಿಯ ಕೆಳಗೆ, ಸೈಲೆನ್ಸರ್ ಸುತ್ತ, ಶಾಖ ತಡೆಯುವ ತಗಡಿನ ಸಂದಿಯಲ್ಲಿ, ಆಕ್ಸಲ್ ಸುತ್ತ ಒಣ ನಾರು ಸುತ್ತಿಕೊಂಡಿರುತ್ತದೆ. ಅದು ಬೆಂಕಿಗೂ ಕಾರಣವಾಗಬಹುದು, ಸೀಲ್ ಕೊರೆದು ಆಯಿಲ್ ಸೋರುವುದಕ್ಕೂ ಕಾರಣವಾಗಬಹುದು. ಮೆಕ್ಕೆಜೋಳದ ಚೀಲ ಪೇರಿಸಿದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯಾದರೆ ಇಲಿ ಕಾಟ ಗ್ಯಾರಂಟಿ. ಬಾನೆಟ್ ಕೆಳಗಿನ ಹಾಸು ಹರಿದಿದೆಯಾ, ವೈರಿಗೆ ಹೊಸ ಟೇಪು ಸುತ್ತಿದ್ದಾರಾ, ಎಸಿ ಫಿಲ್ಟರ್ ಡಬ್ಬಿಯಲ್ಲಿ ಹಿಕ್ಕೆ ಇದೆಯಾ ನೋಡಿ. ಇಲಿ ಕಡಿದ ವೈರಿಂಗ್ ಇವತ್ತು ಸರಿ ಕಾಣುತ್ತದೆ, ಮಳೆಗಾಲದಲ್ಲಿ ಒಂದೊಂದೇ ಸೆನ್ಸರ್ ಕೈ ಕೊಡುತ್ತದೆ. ಚನ್ನಗಿರಿ ಕಡೆಯ ತೋಟದ ಗಾಡಿಗಳಲ್ಲಿ ಡಿಕ್ಕಿಯ ಹಾಸು ಎತ್ತಿ ನೋಡಿ, ಗೊಬ್ಬರದ ಚೀಲ ಹೊತ್ತಿದ್ದರೆ ಅಲ್ಲಿ ತುಕ್ಕು ಶುರುವಾಗಿರುತ್ತದೆ.

ಶಾಕ್ ಅಬ್ಸಾರ್ಬರ್ ಆಯಿಲ್ ಸೋರಿಕೆ, ಲೋಯರ್ ಆರ್ಮ್ ಬುಷ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದಿರುವುದು, ಕೂಲೆಂಟ್ ಪೈಪು, ಟರ್ಬೊ ಪೈಪಿನಲ್ಲಿ ಆಯಿಲ್ ಒದ್ದೆ, ಇವನ್ನೆಲ್ಲ ಮೆಕ್ಯಾನಿಕ್ ನೋಡುತ್ತಾನೆ. ಪ್ರತಿಯೊಂದಕ್ಕೂ ಅಂದಾಜು ಖರ್ಚು ಚೀಟಿಯಲ್ಲಿ ಬರೆಸಿಕೊಳ್ಳಿ. ರೇಟು ಮಾತಾಡುವಾಗ ಆ ಚೀಟಿ ಬೇಕು.

ಟ್ರಯಲ್

ಯಾರ್ಡಿನ ಮುಂದೆ ಒಂದು ಸುತ್ತು ಹಾಕಿಸಿ ‘ಹೆಂಗಿದೆ ಸಾರ್’ ಅಂದರೆ ಒಪ್ಪಬೇಡಿ. ಮಧ್ಯಾಹ್ನದ ಹೊತ್ತಿಗೆ ಮಂಡಿಪೇಟೆ ಕಡೆ ನುಗ್ಗಿಸಿ. ಕ್ಲಚ್ ಎಲ್ಲಿ ಹಿಡಿಯುತ್ತದೆ, ತೆವಳುವಾಗ ನಡುಗುತ್ತದಾ, ನಿಂತ ಕಡೆ ಎಸಿ ತಣ್ಣಗೇ ಇರುತ್ತದಾ, ಟೆಂಪರೇಚರ್ ಮುಳ್ಳು ಏರುತ್ತದಾ, ಎಲ್ಲಾ ಅಲ್ಲಿ ಗೊತ್ತಾಗುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಕೆಲಸ ಮಾಡುವ ಎಸಿ ವರ್ಷಪೂರ್ತಿ ಮಾಡುತ್ತದೆ. ಆಮೇಲೆ ಹದಡಿ ರಸ್ತೆಯ ಹಂಪ್ಸುಗಳ ಮೇಲೆ ಕಿಟಕಿ ಇಳಿಸಿ, ಮ್ಯೂಸಿಕ್ ಆಫ್ ಮಾಡಿ ನಿಧಾನಕ್ಕೆ ಹೋಗಿ. ಟಕ್ ಟಕ್ ಸದ್ದು ಬಂದರೆ ಲಿಂಕ್ ರಾಡೋ ಬುಷ್ಷೋ ಹೋಗಿದೆ, ಅದು ದೊಡ್ಡ ಖರ್ಚಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟ ಅಂದರೆ ಡ್ರೈವ್ ಶಾಫ್ಟ್.

ಅಲ್ಲಿಂದ ಹೈವೇಗೆ ಹೋಗಿ, ಹೆಬ್ಬಾಳು ಟೋಲ್ ಕಡೆಗೆ. 80ರಿಂದ 100ರ ನಡುವೆ ಸ್ಟೇರಿಂಗ್ ನಡುಗುತ್ತದಾ, ಒಂದು ಕಡೆ ಎಳೆಯುತ್ತದಾ, ಬ್ರೇಕ್ ಒತ್ತಿದಾಗ ಪೆಡಲ್ ಮಿಡಿಯುತ್ತದಾ ನೋಡಿ. ನಾಲ್ಕನೇ ಗೇರಿನಲ್ಲಿ 50ರಿಂದ ಒಮ್ಮೆಲೇ ಎಕ್ಸಲರೇಟರ್ ಒತ್ತಿ, ಇಂಜಿನ್ ಸದ್ದು ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಚಿತ್ರದುರ್ಗದವರಾದರೆ ಕೋಟೆ ಕಡೆಯ ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಅಲ್ಲಿಂದ ಎತ್ತಿ ನೋಡಿ. ಕ್ಲಚ್ಚು, ಹ್ಯಾಂಡ್ ಬ್ರೇಕು ಎರಡೂ ಒಂದೇ ಸಲ ಗೊತ್ತಾಗುತ್ತವೆ.

ದುಡ್ಡು ಮತ್ತು ಹೆಸರು

ಗಾಡಿ ಇಷ್ಟವಾಯಿತು ಅನ್ನೋಣ. ಮೆಕ್ಯಾನಿಕ್ ಚೀಟಿ, ಹೊಸದರ ಆನ್ ರೋಡ್ ರೇಟು, ಪಾಲಿಸಿಯಲ್ಲಿರುವ ಐಡಿವಿ (ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟಿದ ಬೆಲೆ), ಈ ಮೂರನ್ನು ಮುಂದಿಟ್ಟು ಮಾತಾಡಿ. ಸುಮ್ನೆ ‘ಕಡಿಮೆ ಮಾಡಿ’ ಅಂದರೆ ಐದು ಸಾವಿರ ಬಿಡುತ್ತಾರೆ. ‘ಟೈರ್ ನಾಲ್ಕೂ ಹಾಕಬೇಕು, ಕ್ಲಚ್ ಇಷ್ಟು ಆಗುತ್ತದೆ’ ಅಂತ ಲೆಕ್ಕ ತೋರಿಸಿದರೆ ಮಾತು ಬೇರೆ ದಾರಿಗೆ ಬರುತ್ತದೆ.

ಟೋಕನ್ ಅಡ್ವಾನ್ಸ್ ಸಣ್ಣದಾಗಿ ಕೊಡಿ, ಬ್ಯಾಂಕ್ ಮೂಲಕ ಕೊಡಿ. ಗಾಡಿ ನಂಬರ್, ಒಪ್ಪಿದ ರೇಟು, ಯಾವ ದಿನದೊಳಗೆ ಕಾಗದ ಕೊಡಬೇಕು, ಆಗದಿದ್ದರೆ ದುಡ್ಡು ವಾಪಸ್ಸು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅಡಿಕೆ ದುಡ್ಡು ಬಂದಿದೆ, ಎಲ್ಲಾ ಕ್ಯಾಶ್ ಕೊಟ್ಟುಬಿಡೋಣ ಅನ್ನುವವರು ನಮ್ಮ ಕಡೆ ಬಹಳ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ ಅಂತ ಆದಾಯ ತೆರಿಗೆ ಕಾನೂನಿನಲ್ಲಿದೆ. ಅದಕ್ಕಿಂತ ಮುಖ್ಯ, ಜಗಳ ಆದರೆ ಕ್ಯಾಶಿಗೆ ಸಾಕ್ಷಿ ಇರಲ್ಲ.

ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು ಫಾರಂ 29 ಎರಡು ಪ್ರತಿ, ಫಾರಂ 30, ಒರಿಜಿನಲ್ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಇಬ್ಬರ ವಿಳಾಸದ ದಾಖಲೆ ಬೇಕು. ಸಾಲ ಇದ್ದರೆ ಫಾರಂ 35. ಓನರ್ ತೀರಿಕೊಂಡಿದ್ದರೆ ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಆದ ಮೇಲೇ ಕೊಳ್ಳಿ. ಬೇರೆ ಆರ್‌ಟಿಓ ಗಾಡಿಯಾದರೆ ಇನ್ನೇನು ಕಾಗದ ಬೇಕು ಅಂತ ನಿಮ್ಮ ಆರ್‌ಟಿಓ ಆಫೀಸಿನಲ್ಲೇ ಮೊದಲು ವಿಚಾರಿಸಿ. ಅರ್ಜಿ ಪರಿವಾಹನ್‌ನಲ್ಲಿ ಹಾಕುವಾಗ ಓನರ್ ಮೊಬೈಲಿಗೆ ಓಟಿಪಿ ಹೋಗುತ್ತದೆ. ಅವರ ಈಗಿನ ನಂಬರ್ ಗಾಡಿಯ ದಾಖಲೆಯಲ್ಲಿ ಇದೆಯಾ ಅಂತ ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ. ಎಷ್ಟೋ ಟ್ರಾನ್ಸ್‌ಫರ್ ಈ ಒಂದು ಸಣ್ಣ ವಿಷಯಕ್ಕೆ ತಿಂಗಳುಗಟ್ಟಲೆ ನಿಂತಿರುತ್ತವೆ.

ಬ್ರೋಕರ್‌ಗಳು ಓನರ್ ಸಹಿ ಮಾಡಿದ ಖಾಲಿ ಫಾರಂ ತೋರಿಸಿ, ಡೆಲಿವರಿ ನೋಟ್ ಬರೆದುಕೊಟ್ಟು, ‘ಗಾಡಿ ತಗೊಂಡು ಹೋಗಿ, ಹೆಸರು ಆಮೇಲೆ ಮಾಡಿಸೋಣ’ ಅಂತಾರೆ. ಒಪ್ಪಬೇಡಿ. ಆರ್‌ಸಿಯಲ್ಲಿ ಹೆಸರಿರುವವರನ್ನು ಒಂದು ಸಲವಾದರೂ ಮುಖತಃ ನೋಡಿ, ಆಧಾರ್ ತಾಳೆ ನೋಡಿ. ಮಾರುವವರಿಗೂ ಇದನ್ನು ತಿಳಿಸಿ ಹೇಳಿ: ಹೆಸರು ಬದಲಾಗದೆ ಗಾಡಿ ಆಕ್ಸಿಡೆಂಟ್ ಮಾಡಿದರೆ ಪರಿಹಾರಕ್ಕೆ ಹೊಣೆ ದಾಖಲೆಯಲ್ಲಿರುವ ಓನರ್ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇದು ಗೊತ್ತಾದರೆ ಅವರೇ ಮುಂದೆ ನಿಂತು ಬೇಗ ಮಾಡಿಸುತ್ತಾರೆ. ಕಾನೂನಿನ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ದೊಡ್ಡ ಮೊತ್ತವನ್ನು ಅರ್ಜಿ ಸಲ್ಲಿಕೆಯಾಗಿ ರಸೀದಿ ಬಂದ ದಿನವೇ ಕೊಡಿ, ಸ್ವಲ್ಪ ಭಾಗವನ್ನು ಹೆಸರು ಬದಲಾಗುವವರೆಗೂ ಹಿಡಿದಿಟ್ಟುಕೊಳ್ಳಿ. ನೇರ ಓನರ್ ಒಪ್ಪದಿರಬಹುದು, ಯಾರ್ಡಿನವರಿಂದ ಮಾತ್ರ ಇದನ್ನು ಬಿಡದೆ ಕೇಳಿ.

ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ಗಾಡಿಯ ಜೊತೆ ಬರುತ್ತದೆ, ನಿಮ್ಮ ಗಾಡಿಗೇ ಪೆಟ್ಟಾದರೆ ಬರುವ ಕ್ಲೇಮಿಗೆ ಪಾಲಿಸಿ ನಿಮ್ಮ ಹೆಸರಿನಲ್ಲಿರಬೇಕು. ಹಳೇ ಓನರ್ ಎನ್‌ಸಿಬಿ ನಿಮಗೆ ಬರಲ್ಲ, ಅದು ಅವರದು, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಅವರ ಫಾಸ್ಟ್ಯಾಗ್ ಅವರ ಕೈಯಲ್ಲೇ ಕ್ಲೋಸ್ ಮಾಡಿಸಿ, ನೀವು ಹೊಸದು ತಗೊಳ್ಳಿ. ಎರಡೂ ಕೀ ಕೇಳಿ ತಗೊಳ್ಳಿ.

ಗಾಡಿ ಮನೆಗೆ ಬಂದ ವಾರದಲ್ಲೇ ಇಂಜಿನ್ ಆಯಿಲ್, ಎಲ್ಲಾ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ ಅವತ್ತಿನ ಕಿಲೋಮೀಟರ್ ಬರೆದಿಡಿ. ಇದಕ್ಕೆ ಬೇಕಾಗುವ ದುಡ್ಡನ್ನು, ಟೈರು ಬ್ಯಾಟರಿ ಸೇರಿಸಿ, ಬಜೆಟ್ಟಿನಲ್ಲಿ ಮೊದಲೇ ಪಕ್ಕಕ್ಕೆ ಇಟ್ಟಿರಿ. ಹೊಸ ಆರ್‌ಸಿ ಕೈಗೆ ಬಂದ ದಿನ ಹೆಸರಿನ ಸ್ಪೆಲ್ಲಿಂಗ್, ವಿಳಾಸ, ಇಂಜಿನ್ ನಂಬರ್, ಚಾಸಿ ನಂಬರ್, ಹಳೇ ಬ್ಯಾಂಕಿನ ಹೆಸರು ಹೋಗಿದೆಯಾ, ಎಲ್ಲವನ್ನೂ ಇನ್ನೊಂದು ಸಲ ಓದಿ. ತಪ್ಪಿದ್ದರೆ ಆ ವಾರವೇ ಆರ್‌ಟಿಓಗೆ ಹೋಗಿ ತಿದ್ದಿಸಿ.